ಸೊಂಟಕ್ಕೆ ಸಿಮೆಂಟ್ ಹಾಕಿ ಮಾಡುವ ಆಪರೇಷನ್: ವಯಸ್ಸಾದವರಿಗೆ ಬರುವ ಅಪರೂಪದ ತೊಂದರೆಗಳು, ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಮಳೆಗಾಲದಲ್ಲಿ ನಮ್ಮ ಅಮ್ಮ ಬಚ್ಚಲಿಗೆ ಹೋಗುವಾಗ ಮುರಕಲ್ಲಿನ ಮೆಟ್ಟಿಲಿನ ಪಾಚಿಗೆ ಕಾಲು ಜಾರಿ ಬಿದ್ರು. ಅವರಿಗೆ 79 ವರ್ಷ. ತೊಡೆ ಎಲುಬಿನ ಕುತ್ತಿಗೆ ಮುರಿದಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ಕರ್ಕೊಂಡು ಹೋದೆವು, ಮರುದಿನವೇ ಆಪರೇಷನ್ ಅಂದ್ರು. ಒಂದೂವರೆ ಗಂಟೆ ಅಂತ ಹೇಳಿದ್ದು ಮೂರು ಗಂಟೆ ಆಯ್ತು, ಆಮೇಲೆ ಹೊರಗೆ ಬಂದ ಡಾಕ್ಟ್ರು "ಸಿಮೆಂಟ್ ಹಾಕುವಾಗ ಬಿಪಿ ಡೌನ್ ಆಯ್ತು, ಐಸಿಯುನಲ್ಲಿ ಇಡ್ತೇವೆ" ಅಂತ ಅಷ್ಟೇ ಹೇಳಿ ಒಳಗೆ ಹೋದ್ರು. ಸಿಮೆಂಟ್ ಅಂದ್ರೆ ಎಂತ, ಅದಕ್ಕೂ ಬಿಪಿಗೂ ಎಂತ ಸಂಬಂಧ ಅಂತ ನನಗೂ ಅಣ್ಣನಿಗೂ ಗೊತ್ತಿರಲಿಲ್ಲ. ಎರಡು ರಾತ್ರಿ ಐಸಿಯು ಬಾಗಿಲಲ್ಲಿ ಕೂತೆವು. ಅಮ್ಮ ಉಳಿದ್ರು, ಈಗ ವಾಕರ್ ಬಿಟ್ಟು ಕೋಲಲ್ಲಿ ನಡೀತಾರೆ. ಆದ್ರೆ ಇದು ಗೊತ್ತಿರುವ ತೊಂದರೆ, ಇದಕ್ಕೊಂದು ಹೆಸರು ಉಂಟು, ಮೊದಲೇ ನಮಗೆ ಹೇಳಬಹುದಿತ್ತು ಅಂತ ಆಮೇಲೆ ತಿಳಿದಾಗ ತುಂಬಾ ಬೇಜಾರಾಯ್ತು.

ನಾನು ಡಾಕ್ಟರ್ ಅಲ್ಲ. ಆ ನಂತರ ಡಾಕ್ಟರುಗಳ ಹತ್ರ ಕೇಳಿ, ಓದಿ ತಿಳ್ಕೊಂಡದ್ದು ಇದು. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯಿಂದ ಯಾರ ಮನೆಯಲ್ಲಾದ್ರೂ ಅಜ್ಜನೋ ಅಜ್ಜಿಯೋ ಬಿದ್ರೆ ಈಗ ನನಗೆ ಫೋನ್ ಬರ್ತದೆ, ಕೇಳುವುದೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು.

ಸಿಮೆಂಟ್ ಅಂದ್ರೆ ಮನೆ ಕಟ್ಟುವ ಸಿಮೆಂಟಾ?

ಅಲ್ಲ. ಇದು ಅಕ್ರಿಲಿಕ್, ಪೂರ್ತಿ ಹೆಸರು ಪಾಲಿಮಿಥೈಲ್ ಮೆಥಾಕ್ರಿಲೇಟ್. ಒಂದು ಪುಡಿ, ಒಂದು ದ್ರವ, ಎರಡನ್ನೂ ಆಪರೇಷನ್ ಟೇಬಲ್ ಹತ್ರವೇ ಕಲಸ್ತಾರೆ, ಮೊದಲು ದೋಸೆ ಹಿಟ್ಟಿನ ಹಾಗೆ ಇರ್ತದೆ, ಆಮೇಲೆ ಕಣಕದ ಹಾಗೆ ಆಗ್ತದೆ, ಸುಮಾರು ಹತ್ತು-ಹದಿನೈದು ನಿಮಿಷದಲ್ಲಿ ಕಲ್ಲಾಗ್ತದೆ. ಗಟ್ಟಿಯಾಗುವಾಗ ಬಿಸಿಯೂ ಆಗ್ತದೆ. ಎಕ್ಸ್‌ರೇಯಲ್ಲಿ ಕಾಣ್ಲಿಕ್ಕೆ ಬೇರಿಯಂ ಸಲ್ಫೇಟ್ ತರದ್ದು ಸೇರಿಸಿರ್ತಾರೆ, ಕೆಲವದರಲ್ಲಿ ಜೆಂಟಾಮೈಸಿನ್ ಅಂತ ಆಂಟಿಬಯೋಟಿಕ್ ಕೂಡ ಉಂಟು.

ಈ ಆಪರೇಷನಿನಲ್ಲಿ ತೊಡೆ ಎಲುಬಿನ ಮುರಿದ ತಲೆ ತೆಗೆದು ಅಲ್ಲಿ ಲೋಹದ ಚೆಂಡು ಇಡ್ತಾರೆ, ಅದನ್ನು ಹಿಡಿದಿಡುವ ಲೋಹದ ಕಂಬ ಎಲುಬಿನ ಒಳಗೆ ಇಳೀತದೆ. ಸಿಮೆಂಟ್ ಅಂಟು ಅಲ್ಲ. ಬಾಗಿಲ ದಾರಂದಕ್ಕೂ ಗೋಡೆಗೂ ಮಧ್ಯದ ಸಂದಿಗೆ ಗಾರೆ ತುಂಬಿಸ್ತಾರಲ್ಲ, ಅದೇ ಕೆಲಸ. ಎಲುಬಿನ ಒಳಗಿನ ಟೊಳ್ಳಿಗೂ ಲೋಹದ ಕಂಬಕ್ಕೂ ಮಧ್ಯೆ ತುಂಬಿ ಎಲ್ಲಿಯೂ ಅಲುಗಾಡದ ಹಾಗೆ ಹಿಡೀತದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನುವ ಸರ್ಜನ್ 1960ರ ಆಸುಪಾಸಿನಲ್ಲಿ ಸೊಂಟಕ್ಕೆ ಇದನ್ನು ಬಳಸಿ ರೂಢಿಗೆ ತಂದದ್ದು. ಅಂದ್ರೆ ಅರವತ್ತು ವರ್ಷದ ಅನುಭವ ಇರುವ ವಸ್ತು, ಹೊಸ ಪ್ರಯೋಗ ಅಲ್ಲ.

ಸಿಮೆಂಟ್ ಹಾಕುವಾಗ ಬಿಪಿ ಬೀಳ್ತದಂತೆ, ಎಂತಕ್ಕೆ?

ಇದೇ ಮುಖ್ಯ ಪ್ರಶ್ನೆ. ಇದಕ್ಕೆ ಬೋನ್ ಸಿಮೆಂಟ್ ಇಂಪ್ಲಾಂಟೇಷನ್ ಸಿಂಡ್ರೋಮ್ ಅಂತ ಹೆಸರು, ಡಾಕ್ಟರುಗಳು ಬಿಸಿಐಎಸ್ ಅಂತಾರೆ.

ನಮ್ಮ ಮನೆಯ ಸೇಮಿಗೆ ಮಣೆ ನೆನಪು ಮಾಡ್ಕೊಳ್ಳಿ. ಮೇಲಿಂದ ಒತ್ತಿದ್ರೆ ಹಿಟ್ಟಿಗೆ ಬೇರೆ ದಾರಿ ಇಲ್ಲ, ತೂತುಗಳಲ್ಲಿ ಹೊರಗೆ ಬರ್ತದೆ. ತೊಡೆ ಎಲುಬಿನ ಒಳಗೆ ಟೊಳ್ಳು ಉಂಟು, ಅದರಲ್ಲಿ ಮಜ್ಜೆ, ಕೊಬ್ಬು, ಸಣ್ಣ ಸಣ್ಣ ರಕ್ತನಾಳ. ಅದಕ್ಕೆ ಸಿಮೆಂಟ್ ತುಂಬಿಸಿ ಮೇಲಿಂದ ಲೋಹದ ಕಂಬ ಇಳಿಸುವಾಗ ಒಳಗೆ ಪ್ರೆಷರ್ ಏರ್ತದೆ, ಆ ಪ್ರೆಷರಿಗೆ ಕೊಬ್ಬು, ಮಜ್ಜೆಯ ಚೂರು, ಗಾಳಿ, ಕೆಲವೊಮ್ಮೆ ಸಿಮೆಂಟಿನ ಕಣ ಕೂಡ ರಕ್ತನಾಳಕ್ಕೆ ನುಗ್ಗಿ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗ್ತದೆ. ಆಪರೇಷನ್ ನಡೆಯುವಾಗಲೇ ಹೃದಯದ ಎಕೋ ಮಾಡಿ ನೋಡಿದವರಿಗೆ ಹಿಮ ಸುರಿದ ಹಾಗೆ ಬಿಳಿ ಚುಕ್ಕೆಗಳು ಕಂಡದ್ದುಂಟು. ಶ್ವಾಸಕೋಶದ ನಾಳಗಳು ಕಟ್ಟಿಕೊಂಡಾಗ ಹೃದಯದ ಬಲಭಾಗ ತಳ್ಳಿ ತಳ್ಳಿ ಸೋತು ಉಬ್ತದೆ, ಉಬ್ಬಿದ್ದು ಎಡಭಾಗವನ್ನು ಒತ್ತುತ್ತದೆ, ಎಡಭಾಗದಿಂದ ಮೈಗೆ ಹೋಗಬೇಕಾದ ರಕ್ತ ಕಮ್ಮಿ ಆಗ್ತದೆ. ಅದೇ ಬಿಪಿ ಬೀಳುವುದು. ಆಕ್ಸಿಜನ್ ಕೂಡ ಇಳೀತದೆ. ಜೊತೆಗೆ ದೇಹದಲ್ಲಿ ಹಿಸ್ಟಮಿನ್ ತರದ ರಾಸಾಯನಿಕಗಳೂ ಬಿಡುಗಡೆ ಆಗಿ ರಕ್ತನಾಳ ಸಡಿಲ ಆಗ್ತದೆ ಅಂತ ಹೇಳ್ತಾರೆ. ಸಿಮೆಂಟಿನ ದ್ರವದ ವಿಷವೇ ಕಾರಣ ಅಂತ ಮೊದಲು ನಂಬಿದ್ರು, ಈಗ ಹೆಚ್ಚಿನ ತೂಕ ಈ ಪ್ರೆಷರಿನ ಕಾರಣಕ್ಕೇ ಕೊಡ್ತಾರೆ. ಸಿಮೆಂಟ್ ಇಲ್ಲದ ಆಪರೇಷನಿನಲ್ಲಿಯೂ ಕಂಬ ಬಡಿದು ಇಳಿಸುವಾಗ ಇದು ಸ್ವಲ್ಪ ಆಗಬಹುದು, ಆದ್ರೆ ಸಿಮೆಂಟಿನಲ್ಲಿ ಹೆಚ್ಚು.

ಎಷ್ಟು ಜನಕ್ಕೆ ಆಗ್ತದೆ? ನಿಜವಾಗಿ ಅಪರೂಪವಾ?

ಸಣ್ಣ ಮಟ್ಟದ್ದು ಅಪರೂಪ ಅಲ್ಲ, ಜೀವಕ್ಕೆ ಬರುವಂಥದ್ದು ಅಪರೂಪ. ಡಾಕ್ಟರುಗಳು ಇದನ್ನು ಮೂರು ಗ್ರೇಡ್ ಮಾಡ್ತಾರೆ. ಆಕ್ಸಿಜನ್ 94ಕ್ಕಿಂತ ಕೆಳಗೆ ಇಳಿದ್ರೆ ಅಥವಾ ಮೇಲಿನ ಬಿಪಿ ಇದ್ದದ್ದಕ್ಕಿಂತ ನೂರಕ್ಕೆ 20ಕ್ಕಿಂತ ಹೆಚ್ಚು ಬಿದ್ರೆ ಒಂದನೇ ಗ್ರೇಡ್. ಆಕ್ಸಿಜನ್ 88ಕ್ಕಿಂತ ಕೆಳಗೆ, ಅಥವಾ ಬಿಪಿ ನೂರಕ್ಕೆ 40ಕ್ಕಿಂತ ಹೆಚ್ಚು ಬಿದ್ದದ್ದು, ಅಥವಾ ಇದ್ದಕ್ಕಿದ್ದ ಹಾಗೆ ಪ್ರಜ್ಞೆ ತಪ್ಪಿದ್ದು ಎರಡನೇದು. ಹೃದಯ ನಿಂತ ಹಾಗಾಗಿ ಎದೆ ಒತ್ತಬೇಕಾಗಿ ಬಂದ್ರೆ ಮೂರನೇದು.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಸೊಂಟ ಮುರಿದು ಸಿಮೆಂಟ್ ಹಾಕಿಸಿಕೊಂಡ 1016 ಜನರ ಲೆಕ್ಕ ನೋಡಿ 2014ರಲ್ಲಿ ಪ್ರಕಟ ಮಾಡಿದ್ರು. ಒಂದನೇ ಗ್ರೇಡ್ ನೂರಕ್ಕೆ 21, ಎರಡನೇದು 5.1, ಮೂರನೇದು 1.7. ಅಂದ್ರೆ ನೂರು ಜನರಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಜನಕ್ಕೆ ಎಂತದೂ ಆಗಲಿಲ್ಲ. ಆದ್ರೆ ಮೂರನೇ ಗ್ರೇಡ್ ಆದವರಲ್ಲಿ 30 ದಿನದ ಒಳಗೆ ತೀರಿಹೋದವರು ನೂರಕ್ಕೆ 88, ಎರಡನೇದರಲ್ಲಿ 35. ಈ ಅಂಕಿ ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ, ಯಾಕಂದ್ರೆ ಅಮ್ಮನಿಗೆ ಆದದ್ದು ಎರಡನೇ ಗ್ರೇಡ್.

ಇದು ಬಿದ್ದು ಎಲುಬು ಮುರಿದ ವಯಸ್ಸಾದವರ ಲೆಕ್ಕ. ಗಂಟುನೋವಿಗೆ ಮೊದಲೇ ಡೇಟ್ ನೋಡಿ, ಎಲ್ಲ ಟೆಸ್ಟ್ ಮಾಡಿಸಿ ಹೋಗುವವರಿಗೆ ಅಪಾಯ ಇದಕ್ಕಿಂತ ಕಮ್ಮಿ.

ಯಾರಿಗೆ ಹೆಚ್ಚು ಜಾಗ್ರತೆ ಬೇಕು?

ತುಂಬಾ ವಯಸ್ಸಾದವರು, ಹೃದಯ ವೀಕ್ ಇದ್ದವರು, ಶ್ವಾಸಕೋಶದ ಹಳೇ ಕಾಯಿಲೆ ಇದ್ದವರು, ಮೂತ್ರ ಹೋಗುವ ಮಾತ್ರೆ ತಿನ್ನುವವರು, ವಾರ್ಫರಿನ್ ತರದ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು. ಎಲುಬು ತುಂಬಾ ಸವೆದವರು, ಕ್ಯಾನ್ಸರ್ ಎಲುಬಿಗೆ ಹರಡಿ ಮುರಿದವರು ಕೂಡ.

ಇಲ್ಲಿ ಒಂದು ಮಾತು ನಮ್ಮ ಕಡೆಯವರಿಗೆ ಹೇಳ್ಲೇಬೇಕು. "ಬೀಡಿ ಸಿಗರೇಟ್ ಉಂಟಾ" ಅಂತ ಕೇಳಿದ್ರೆ ನಾವು ಅಮ್ಮನಿಗೆ ಇಲ್ಲ ಅಂತ ಹೇಳಿ ಬಿಟ್ಟೆವು. ಐವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದ ಶ್ವಾಸಕೋಶ ಅದು, ಚಳಿಗಾಲದಲ್ಲಿ ಕೆಮ್ಮು, ದಮ್ಮು ಇದ್ದೇ ಇತ್ತು. ಅದನ್ನು ಯಾರೂ ಕಾಯಿಲೆ ಅಂತ ಲೆಕ್ಕ ಹಾಕಿರಲಿಲ್ಲ. ಕಾಲು ಊದ್ತದೆ ಅಂತ ಕುಂಬಳೆಯಲ್ಲಿ ತೋರಿಸಿ ತಿನ್ನುತ್ತಿದ್ದ ಸಣ್ಣ ಮಾತ್ರೆ ಮೂತ್ರದ ಮಾತ್ರೆ ಅಂತಲೂ ನಮಗೆ ಗೊತ್ತಿರಲಿಲ್ಲ, ಹೇಳಲಿಲ್ಲ. ನೀವು ಹಾಗೆ ಮಾಡಬೇಡಿ. ಮಾತ್ರೆಯ ಸ್ಟ್ರಿಪ್ ಎಲ್ಲ ಒಂದು ಚೀಲಕ್ಕೆ ಹಾಕಿ ಹಾಗೇ ತೆಗೊಂಡು ಹೋಗಿ, ಕಷಾಯ, ಲೇಹ್ಯ ಇದ್ರೆ ಅದನ್ನೂ.

ಹಾಗಾದ್ರೆ ಸಿಮೆಂಟ್ ಇಲ್ಲದ್ದೇ ಹಾಕಿಸಬಹುದಲ್ಲ?

ಇದನ್ನು ಎಲ್ಲರೂ ಕೇಳ್ತಾರೆ, ನಾನೂ ಕೋಪದಲ್ಲಿ ಕೇಳಿದ್ದೆ. ಉತ್ತರ ನನ್ನ ನಿರೀಕ್ಷೆಗೆ ವಿರುದ್ಧ ಇತ್ತು. ವಯಸ್ಸಾದವರ ಎಲುಬು ಟೊಳ್ಳು, ತೆಳು. ಸಿಮೆಂಟ್ ಇಲ್ಲದ ಕಂಬ ಬಿಗಿಯಾಗಿ ಕೂರಬೇಕಾದ್ರೆ ಬಡಿದು ಇಳಿಸಬೇಕು, ಆಗಲೇ ಅಥವಾ ಆಮೇಲೆ ಆ ಎಲುಬು ಕಂಬದ ಸುತ್ತ ಒಡೆಯುವ ಅಪಾಯ ಉಂಟು. ಒಡೆದ್ರೆ ಇನ್ನೊಂದು ದೊಡ್ಡ ಆಪರೇಷನ್, ಅದನ್ನು 80 ವರ್ಷದ ದೇಹ ತಡ್ಕೊಳ್ಳುವುದು ಕಷ್ಟ. ಬ್ರಿಟನ್ನಿನಲ್ಲಿ 60 ದಾಟಿದ 1225 ಜನರನ್ನು ಎರಡು ಗುಂಪು ಮಾಡಿ ಹೋಲಿಸಿ 2022ರಲ್ಲಿ ಫಲಿತಾಂಶ ಹೇಳಿದ್ರು: ಸಿಮೆಂಟ್ ಹಾಕಿದವರು ನಾಲ್ಕು ತಿಂಗಳಲ್ಲಿ ಸ್ವಲ್ಪ ಹೆಚ್ಚು ಚೆನ್ನಾಗಿದ್ರು, ಕಂಬದ ಸುತ್ತ ಎಲುಬು ಒಡೆದದ್ದು ಸಿಮೆಂಟಿನವರಲ್ಲಿ ನೂರಕ್ಕೆ 0.5, ಸಿಮೆಂಟ್ ಇಲ್ಲದವರಲ್ಲಿ 2.1.

ಹಾಗಾಗಿ ಸಿಮೆಂಟ್ ಅಂದ ಕೂಡಲೇ ಬೇಡ ಅನ್ನುವುದು ಸರಿ ಅಲ್ಲ. ಹೃದಯ, ಶ್ವಾಸಕೋಶ ಎರಡೂ ತೀರಾ ಹಾಳಾಗಿರುವವರಿಗೆ ಕೆಲವು ಸರ್ಜನ್‌ಗಳು ಸಿಮೆಂಟ್ ಇಲ್ಲದ್ದನ್ನೇ ಆರಿಸ್ತಾರೆ, ಅದು ಅವರು ನೋಡಿ ತೀರ್ಮಾನ ಮಾಡಬೇಕಾದ್ದು.

ಆಪರೇಷನ್ನೇ ಬೇಡ, ಎಣ್ಣೆ ಹಾಕಿ ಕಟ್ಟಿ ಮಲಗಿಸಿದ್ರೆ ಆಗ್ತದಾ?

ಕೈ ಮುಗಿದು ಹೇಳ್ತೇನೆ, ಬೇಡ. ತೊಡೆ ಎಲುಬಿನ ಕುತ್ತಿಗೆ ಮುರಿದ್ರೆ ಎಲುಬಿನ ತಲೆಗೆ ರಕ್ತ ಹೋಗುವ ದಾರಿಯೇ ಕಟ್ ಆಗಿರ್ತದೆ, ಅದು ಎಣ್ಣೆಗೆ ಕೂಡುವ ಎಲುಬು ಅಲ್ಲ. ಹಾಸಿಗೆಯಲ್ಲಿ ಬಿದ್ದ ಅಜ್ಜಿಗೆ ಬೆನ್ನು ಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪು ಒಂದರ ಹಿಂದೆ ಒಂದು ಬರ್ತದೆ, ಅದರ ಅಪಾಯದ ಎದುರು ಸಿಮೆಂಟಿನ ಅಪಾಯ ಸಣ್ಣದು. ದಾಖಲಾದ ದಿನ ಅಥವಾ ಮರುದಿನವೇ ಆಪರೇಷನ್ ಆಗಬೇಕು ಅಂತ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ ಹೇಳ್ತದೆ. ನಮ್ಮಲ್ಲಿ ನಾಟಿ ಮದ್ದು ಅಂತ ಒಂದು ವಾರ, ಆರೋಗ್ಯ ಕಾರ್ಡ್ ಸರಿ ಮಾಡ್ಲಿಕ್ಕೆ ಅಂತ ನಾಲ್ಕು ದಿನ ಹೋಗ್ತದೆ, ಅಷ್ಟರಲ್ಲಿ ದೇಹ ಇನ್ನೂ ಸೋತಿರ್ತದೆ. ಅದೇ ಸೋತ ದೇಹಕ್ಕೇ ಸಿಮೆಂಟ್ ಹಾಕುವ ಹೊತ್ತು ಕಷ್ಟ ಆಗುವುದು.

ಡಾಕ್ಟರ ಹತ್ರ ಮೊದಲೇ ಎಂತ ಕೇಳಬೇಕು?

ಹೆದರಬೇಡಿ, ಕೇಳಿದ್ರೆ ಕೋಪ ಮಾಡುವುದಿಲ್ಲ, ಒಳ್ಳೆ ಡಾಕ್ಟರುಗಳು ಖುಷಿಯಿಂದ ಹೇಳ್ತಾರೆ. ಸರ್ಜನ್ ಹತ್ರ ಮಾತ್ರ ಅಲ್ಲ, ಅನಸ್ತೇಶಿಯಾ ಡಾಕ್ಟರನ್ನು ಕಂಡು ಕೇಳಿ, ಆ ಹೊತ್ತು ಜೀವ ಹಿಡಿಯುವುದು ಅವರು. ಕೇಳಬೇಕಾದ್ದು ಇಷ್ಟು: ಸಿಮೆಂಟ್ ಹಾಕ್ತೀರಾ, ಅಮ್ಮನ ಹೃದಯ ಶ್ವಾಸಕೋಶಕ್ಕೆ ಅದು ಎಷ್ಟು ರಿಸ್ಕ್, ಬಿಪಿ ಬಿದ್ರೆ ಎಂತ ತಯಾರಿ ಉಂಟು, ಐಸಿಯು ಬೆಡ್ ಇದೇ ಆಸ್ಪತ್ರೆಯಲ್ಲಿ ಉಂಟಾ.

ಒಳಗೆ ಎಂತ ನಡೀಬೇಕು ಅಂತ ಬ್ರಿಟನ್ನಿನ ಅನಸ್ತೇಶಿಯಾ ಮತ್ತು ಎಲುಬಿನ ಡಾಕ್ಟರುಗಳ ಸಂಘಟನೆಗಳು ಸೇರಿ 2015ರಲ್ಲಿ ಒಂದು ಸುರಕ್ಷತಾ ಸೂಚನೆ ಬರೆದಿದ್ದಾರೆ, ಅದರ ಸಾರ ತಿಳಿದ್ರೆ ಮನಸ್ಸಿಗೆ ಸಮಾಧಾನ. ಸಿಮೆಂಟ್ ಹಾಕುವ ಮೊದಲು ಸರ್ಜನ್ ಬಾಯಿಬಿಟ್ಟು "ಈಗ ಸಿಮೆಂಟ್" ಅಂತ ಹೇಳಬೇಕು, ಅನಸ್ತೇಶಿಯಾದವರು "ರೆಡಿ" ಅಂತ ಉತ್ತರ ಕೊಡಬೇಕು. ಎಲುಬಿನ ಟೊಳ್ಳನ್ನು ನೀರು ಚಿಮ್ಮಿಸಿ ಚೆನ್ನಾಗಿ ತೊಳೆದು ಒಣಗಿಸಬೇಕು, ಕೊಬ್ಬು, ಮಜ್ಜೆ ಎಷ್ಟು ಹೊರಗೆ ಬರ್ತದೋ ರಕ್ತಕ್ಕೆ ಹೋಗುವುದು ಅಷ್ಟು ಕಮ್ಮಿ. ಕೆಳಗೆ ಒಂದು ಬಿರಟೆ ಹಾಕಿ, ಗನ್ ತರದ ಸಾಧನದಲ್ಲಿ ಸಿಮೆಂಟನ್ನು ಕೆಳಗಿಂದ ಮೇಲೆ ತುಂಬಿಸ್ತಾ ಬರಬೇಕು, ಒಳಗಿನ ಗಾಳಿ ಹೊರಬರ್ಲಿಕ್ಕೆ ಸಕ್ಷನ್ ನಳಿಗೆ ಇಡಬೇಕು. ರಿಸ್ಕ್ ಹೆಚ್ಚಿದ್ದವರಿಗೆ ಜೋರು ಪ್ರೆಷರ್ ಕೊಡಬಾರದು. ಅನಸ್ತೇಶಿಯಾದವರು ಮೇಲಿನ ಬಿಪಿಯನ್ನು ಮೊದಲಿದ್ದದ್ದರ ನೂರಕ್ಕೆ 20ರ ಒಳಗೇ ಹಿಡಿದಿಟ್ಟುಕೊಳ್ಳಬೇಕು, ಬಿಪಿ ಏರಿಸುವ ಇಂಜೆಕ್ಷನ್ ಕೈಗೆ ಸಿಗುವ ಹಾಗೆ ಇರಬೇಕು. ಅಮ್ಮನ ಬಿಪಿ ಬಿದ್ದ ಕ್ಷಣವೇ ಆ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಪೂರ್ತಿ ಏರಿಸಿದ್ರು ಅಂತ ಆಮೇಲೆ ಅನಸ್ತೇಶಿಯಾ ಡಾಕ್ಟ್ರು ನಮಗೆ ಕೂರಿಸಿ ವಿವರಿಸಿದ್ರು. ಅವರ ಉಪಕಾರ ನಾವು ಮರೆಯುವುದಿಲ್ಲ.

ಬೆನ್ನಿಗೆ ಇಂಜೆಕ್ಷನ್ ಒಳ್ಳೇದಾ, ಪೂರ್ತಿ ನಿದ್ದೆ ಒಳ್ಳೇದಾ?

ಎರಡರಲ್ಲೂ ಬಿಸಿಐಎಸ್ ಆಗಬಹುದು. ಬೆನ್ನಿಗೆ ಕೊಟ್ಟು ಎಚ್ಚರ ಇದ್ದವರಾದ್ರೆ ಉಸಿರು ಕಟ್ಟಿದ ಹಾಗೆ ಆಗುವುದು, ಮಾತು ತಡವರಿಸುವುದು ಮೊದಲ ಸೂಚನೆ ಆಗ್ತದೆ, ನಿದ್ದೆಯಲ್ಲಿದ್ದವರಿಗೆ ಮೆಷಿನಿನಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಇಳಿಯುವುದು ಕಾಣ್ತದೆ. ಯಾವುದು ಅಂತ ಅವರಿಗೇ ಬಿಡಿ.

ಆಪರೇಷನ್ ಆಗಿ ಎರಡನೇ ದಿನ ಅಜ್ಜಿ ಏನೇನೋ ಮಾತಾಡ್ತಾರೆ, ಇದು ಸಿಮೆಂಟಿಂದಲಾ?

ಹೆಚ್ಚಾಗಿ ಅಲ್ಲ. ವಯಸ್ಸಾದವರಿಗೆ ಆಪರೇಷನ್ ನಂತರ ದಿಕ್ಕು ತಪ್ಪಿದ ಹಾಗೆ ಆಗುವುದು ತುಂಬಾ ಸಾಮಾನ್ಯ, ಅದಕ್ಕೆ ಡೆಲಿರಿಯಂ ಅಂತಾರೆ. ನೋವು, ನಿದ್ದೆ ಇಲ್ಲದ್ದು, ಮೂತ್ರದ ಸೋಂಕು, ಉಪ್ಪಿನಂಶ ಕಮ್ಮಿ ಆದದ್ದು, ಕನ್ನಡಕ ಕಿವಿ ಮೆಷಿನ್ ಮನೆಯಲ್ಲೇ ಉಳಿದದ್ದು, ಎಲ್ಲ ಕಾರಣ ಆಗ್ತದೆ. ಐಸಿಯುನಲ್ಲಿದ್ದಾಗ ಅಮ್ಮ, ಮೊದಲೇ ತೀರಿಹೋಗಿದ್ದ ನಮ್ಮ ಅಪ್ಪನನ್ನು ಕರೀತಾ ಇದ್ರು. ನರ್ಸ್ ಕೇರಳದ ತೆಂಕಣ ಕಡೆಯವರು, ಮಲಯಾಳದಲ್ಲಿ ಮಾತಾಡಿಸಿದ್ರೆ ಅಮ್ಮ ಇನ್ನೂ ಗಾಬರಿ ಆಗ್ತಿದ್ರು, ಅತ್ತಿಗೆ ಹೋಗಿ ಕೈ ಹಿಡಿದು ಮನೆ ಮಾತಿನಲ್ಲಿ ದನದ ಸುದ್ದಿ ಹೇಳಿದ ಮೇಲೆ ಶಾಂತ ಆದ್ರು. ಒಬ್ಬರಾದ್ರೂ ಪರಿಚಯದ ದನಿ ಹತ್ತಿರ ಇರಲಿ.

ಆದ್ರೆ ಎರಡು ವಿಷಯ ಬಿಟ್ಟು ಬಿಡಬಾರದು. ಆಪರೇಷನ್ ಆಗಿ ಒಂದರಿಂದ ಮೂರು ದಿನದ ಒಳಗೆ ಗೊಂದಲದ ಜೊತೆ ದಮ್ಮು, ಎದೆ ಕಂಕುಳು ಕುತ್ತಿಗೆಯಲ್ಲಿ ಸಣ್ಣ ಕೆಂಪು ಚುಕ್ಕೆ ಬಂದ್ರೆ ಕೊಬ್ಬಿನ ಕಣಗಳಿಂದ ಆಗುವ ಫ್ಯಾಟ್ ಎಂಬಾಲಿಸಂ ಇರಬಹುದು. ಬಾಯಿ ಸೊಟ್ಟ, ಒಂದು ಬದಿ ಕೈಕಾಲು ಬಲ ಇಲ್ಲ ಅಂದ್ರೆ ಸ್ಟ್ರೋಕ್. ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಹೃದಯದ ಎರಡು ಮೇಲಿನ ಕೋಣೆಗಳ ಮಧ್ಯೆ ಹುಟ್ಟಿನಿಂದ ಒಂದು ಸಣ್ಣ ಕಿಂಡಿ ಮುಚ್ಚದೆ ಉಳಿದಿರ್ತದೆ, ಜೀವಮಾನ ಎಲ್ಲ ಅದರಿಂದ ಎಂತ ತೊಂದರೆಯೂ ಇರುವುದಿಲ್ಲ, ಆದ್ರೆ ಬಲಭಾಗದ ಪ್ರೆಷರ್ ಏರಿದಾಗ ಆ ಕಿಂಡಿಯಲ್ಲಿ ಕಣ ದಾಟಿ ಮೆದುಳಿಗೆ ಹೋಗಬಹುದು. ಇದು ತುಂಬಾ ಅಪರೂಪ. ಈ ಲಕ್ಷಣಗಳಲ್ಲಿ ಯಾವುದು ಕಂಡ್ರೂ ಕೂಡಲೇ ನರ್ಸಿಗೆ ಹೇಳಿ, ಬೆಳಿಗ್ಗೆ ರೌಂಡ್ಸಿಗೆ ಬರುವವರೆಗೆ ಕಾಯಬೇಡಿ.

ಸಿಮೆಂಟಿಗೆ ಅಲರ್ಜಿ ಆಗ್ತದಾ?

ಅಪರೂಪ. ಹಲ್ಲಿನ ಸೆಟ್ಟಿಗೆ ಅಥವಾ ಅಂಟಿಸುವ ಉಗುರಿಗೆ ಬಳಸುವ ಅಕ್ರಿಲಿಕ್ಕಿಗೆ ಮೊದಲು ತುರಿಕೆ, ಊತ ಬಂದದ್ದಿದ್ರೆ ಹೇಳಿ. ಜೆಂಟಾಮೈಸಿನ್ ಇಂಜೆಕ್ಷನ್ ಆಗದವರೂ ಹೇಳಬೇಕು.

ಸಿಮೆಂಟ್ ಬೇರೆ ಕಡೆ ಹೋಗಿ ನರಕ್ಕೆ ಪೆಟ್ಟಾಗ್ತದಂತೆ?

ಪೂರ್ತಿ ಸೊಂಟ ಬದಲಿಸುವಾಗ ಬಟ್ಟಲಿಗೂ (ಚೆಂಡು ಕೂರುವ ಸೊಂಟದ ಗುಳಿಗೂ) ಸಿಮೆಂಟ್ ಹಾಕಿದ್ರೆ, ಎಲುಬು ತೂತಾಗಿದ್ದಲ್ಲಿ ಅದು ಹೊಟ್ಟೆಯ ಕೆಳಭಾಗಕ್ಕೆ ಸೋರಿ ನರಕ್ಕೋ ರಕ್ತನಾಳಕ್ಕೋ ತೊಂದರೆ ಕೊಟ್ಟ ಉದಾಹರಣೆಗಳು ಉಂಟು, ಬಹಳ ಬಹಳ ಅಪರೂಪ. ಅದಕ್ಕಿಂತ ಹೆಚ್ಚು ನೋಡುವುದು ಸಯಾಟಿಕ್ ನರ ಎಳೆದ ಹಾಗಾಗಿ ಪಾದ ಮೇಲೆತ್ತಲಿಕ್ಕೆ ಆಗದ್ದು. ಬೆನ್ನಿನ ಇಂಜೆಕ್ಷನಿನ ಮರಗಟ್ಟುವಿಕೆ ಇಳಿದ ಮೇಲೆ ಪಾದ ಮೇಲೆ ಕೆಳಗೆ ಮಾಡಿಸಿ ನೋಡಿ, ಬರದಿದ್ರೆ ಹೇಳಿ. ಹಲವರಿಗೆ ತಿಂಗಳುಗಳಲ್ಲಿ ಸುಧಾರಿಸ್ತದೆ, ಎಲ್ಲರಿಗೂ ಪೂರ್ತಿ ಅಲ್ಲ.

ಮನೆಗೆ ಬಂದ ಮೇಲೆ ಎಂತ ನೋಡ್ಕೊಳ್ಳಬೇಕು?

ಒಂದು ಕಾಲು ಮಾತ್ರ ಊದಿ ಮೀನಖಂಡ ನೋವಾದ್ರೆ ರಕ್ತ ಹೆಪ್ಪು ಇರಬಹುದು, ಜೊತೆಗೆ ಎದೆನೋವು ದಮ್ಮು ಬಂದ್ರೆ ಸೀದಾ ಆಸ್ಪತ್ರೆಗೆ. ಹೊಟ್ಟೆಗೆ ಚುಚ್ಚುವ ಹೆಪಾರಿನ್ ಇಂಜೆಕ್ಷನ್ ನಾಲ್ಕೈದು ವಾರ ಅಂತ ಬರೆದಿದ್ರೆ ಪೂರ್ತಿ ಮಾಡಿ, ಅಮ್ಮ ನಡೀತಾರಲ್ಲ ಅಂತ ಅರ್ಧದಲ್ಲಿ ನಿಲ್ಲಿಸಬೇಡಿ.

ಗಾಯದಿಂದ ಹತ್ತು ದಿನದ ಮೇಲೂ ನೀರು ಬರುವುದು, ಕೆಂಪಾಗುವುದು, ಜ್ವರ ಸೋಂಕಿನ ಗುರುತು. ಅದಕ್ಕೆ ಅರಿಶಿನ ಹಚ್ಚಿ ಕೂರಬೇಡಿ, ಹತ್ತಿರದ ಮೆಡಿಕಲ್ಲಿನಿಂದ ಆಂಟಿಬಯೋಟಿಕ್ ತಂದು ತಿನ್ನಿಸಲೂ ಬೇಡಿ, ಯಾಕಂದ್ರೆ ಅದರಿಂದ ಒಳಗಿನ ಕ್ರಿಮಿ ಯಾವುದು ಅಂತ ಟೆಸ್ಟಿನಲ್ಲಿ ಸಿಗದೆ ಹೋಗ್ತದೆ. ಆಪರೇಷನ್ ಮಾಡಿದವರಿಗೇ ತೋರಿಸಿ. ವರ್ಷಗಳ ನಂತರ ನಡೆಯುವಾಗ ತೊಡೆ ಮಧ್ಯದಲ್ಲಿ ಹೊಸ ನೋವು ಶುರುವಾದ್ರೆ ಸಿಮೆಂಟ್ ಸಡಿಲ ಆದದ್ದಿರಬಹುದು, ಎಕ್ಸ್‌ರೇ ತೆಗೆಸಬೇಕು.

ನೆಲದಲ್ಲಿ ಕೂತು ಊಟ ಮಾಡಬಹುದಾ?

ಡಾಕ್ಟರ್ ಹೇಳುವವರೆಗೆ ಇಲ್ಲ. ಮೊದಲ ಕೆಲವು ತಿಂಗಳು ಚೆಂಡು ಬಟ್ಟಲಿಂದ ಜಾರುವ ಅಪಾಯ. ಮಣೆಯಲ್ಲಿ ಕೂರುವುದು, ಚಕ್ಕಳಮಕ್ಕಳ, ತಗ್ಗಿನ ಸ್ಟೂಲಿನಲ್ಲಿ ಕೂತು ತೆಂಗಿನಕಾಯಿ ತುರಿಯುವುದು, ಕಾಲ ಮೇಲೆ ಕಾಲು, ಇಂಡಿಯನ್ ಕಕ್ಕಸು, ಇದ್ಯಾವುದೂ ಬೇಡ. ಪೂಜೆ, ಭೂತದ ಕೋಲ ಅಂತ ಕರೆದ್ರೆ ಕುರ್ಚಿ ಹಾಕಿಸಿ ಕೂರಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಮಳೆಗಾಲದ ಮೊದಲು ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ನಡೆಯುವ ದಾರಿಗೆ ಅಡಿಕೆ ಸೋಗೆಯೋ ಮಡಲೋ ಹಾಸಿ, ಬಚ್ಚಲಲ್ಲಿ ಹಿಡಿಯಲಿಕ್ಕೆ ಒಂದು ಪೈಪ್ ಗೋಡೆಗೆ ಫಿಟ್ ಮಾಡಿಸಿ. ನಮ್ಮ ಮನೆಯಲ್ಲಿ ಈ ಮೂರೂ ಅಮ್ಮ ಬಿದ್ದ ಮೇಲೆ ಆದದ್ದು.

ಕಾಸರಗೋಡಿನವರು ಮಂಗಳೂರಿಗೆ ಹೋದ್ರೆ ಕಾರ್ಡ್, ಕಾಗದ ಎಲ್ಲ ನಡೀತದಾ?

ತಲಪಾಡಿ ದಾಟಿದ್ರೆ ರಾಜ್ಯ ಬೇರೆ. ಆರೋಗ್ಯ ಕಾರ್ಡ್ ಆ ಆಸ್ಪತ್ರೆಯಲ್ಲಿ, ಆ ಆಪರೇಷನಿಗೆ ನಡೀತದಾ ಅಂತ ಅಡ್ಮಿಟ್ ಆಗುವಾಗಲೇ ಕೌಂಟರಿನಲ್ಲಿ ಕೇಳಿ. ಸಹಿ ಹಾಕುವ ಒಪ್ಪಿಗೆ ಪತ್ರ ನಮಗೆ ಇಂಗ್ಲಿಷಿನಲ್ಲಿ ಕೊಟ್ರು, ಊರಿನ ಆಸ್ಪತ್ರೆಗಳಲ್ಲಿ ಮಲಯಾಳದಲ್ಲಿಯೂ ಇರ್ತದೆ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರು ಓದದೆ ಸಹಿ ಹಾಕುವುದೇ ಜಾಸ್ತಿ. ಅಣ್ಣ ಹಾಗೇ ಸಹಿ ಹಾಕಿದ್ದು. ಆ ಹಾಳೆಯಲ್ಲಿ ಸಿಮೆಂಟಿನ ರಿಸ್ಕ್ ಬರೆದೇ ಇತ್ತು ಅಂತ ಆಮೇಲೆ ಕಂಡೆವು. ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ, ಅರ್ಥ ಆಗುವ ಭಾಷೆಯಲ್ಲಿ ವಿವರಿಸಬೇಕಾದ್ದು ಅವರ ಕರ್ತವ್ಯ.

ಡಿಸ್ಚಾರ್ಜ್ ಆಗುವಾಗ ಎಂತ ಬರೆಸಿಕೊಳ್ಳಬೇಕು?

ಸಿಮೆಂಟ್ ಹಾಕುವಾಗ ಬಿಪಿ, ಆಕ್ಸಿಜನ್ ಬಿದ್ದಿದ್ರೆ ಅದನ್ನು ಡಿಸ್ಚಾರ್ಜ್ ಶೀಟಿನಲ್ಲಿ ಸ್ಪಷ್ಟವಾಗಿ ಬರೆಸಿ, ಯಾವ ಗ್ರೇಡ್, ಎಂತ ಇಂಜೆಕ್ಷನ್ ಬೇಕಾಯ್ತು ಅಂತ ಕೂಡ. ಕಂಬದ ಮತ್ತು ಸಿಮೆಂಟಿನ ಡಬ್ಬಿಯಲ್ಲಿ ಬರುವ ಸ್ಟಿಕ್ಕರ್ ಫೈಲಿಗೆ ಅಂಟಿಸಿ ಕೊಡ್ಲಿಕ್ಕೆ ಹೇಳಿ. ನಮಗೆ ಕೊಟ್ಟ ಶೀಟಿನಲ್ಲಿ ಬಿಪಿ ವಿಷಯ ಒಂದು ಅಕ್ಷರ ಇರಲಿಲ್ಲ, ಹದಿನೈದು ದಿನ ಕಳೆದು ಹೊಲಿಗೆ ತೆಗೆಸ್ಲಿಕ್ಕೆ ಹೋದಾಗ ಕೇಳಿದೆ, ಡಾಕ್ಟ್ರು ಕೂಡಲೇ ಪೆನ್ನು ತೆಗೆದು ಬರೆದು ಸಹಿ ಹಾಕಿ ಕೊಟ್ರು. ಅಮ್ಮನ ಎಡಗಾಲಿನ ಸೊಂಟವೂ ಸವೆದಿದೆ ಅಂತ ಎಕ್ಸ್‌ರೇಯಲ್ಲಿ ಕಂಡಿದೆ, ಮುಂದೆ ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ತೋರಿಸಬೇಕಾದ್ದು ಆ ಹಾಳೆ. ಅದರ ಒಂದು ಜೆರಾಕ್ಸ್ ಅಮ್ಮನ ಮಾತ್ರೆ ಡಬ್ಬಿಯಲ್ಲಿ, ಒಂದು ಫೋಟೋ ನನ್ನ, ಅಣ್ಣನ, ಅತ್ತಿಗೆಯ ಮೂರೂ ಜನರ ಮೊಬೈಲಿನಲ್ಲಿ ಉಂಟು.